ಸಮರ್ಕಂದದಲ್ಲಿ ನೋಡತಕ್ಕದ್ದು ನೀವೇ

ಹಂಪಿಯಲ್ಲಿ ಬಿಳಿ ತೊಗಲಿನವರನ್ನು ಅಡ್ಡಗಟ್ಟಿ ‘ಒನ್ ಸೆಲ್ಫಿ ಪ್ಲೀಸ್’ ಎಂದವರೆಲ್ಲ ಒಮ್ಮೆ ಉಜ್ಬೇಕಿಸ್ತಾನಕ್ಕೆ ಹೋಗಿಬರಬೇಕು. ಮಾಡಿದ್ದನ್ನು ಉಣ್ಣುವುದು ಹೇಗೆಂದು ಸಮರ್ಕಂದದ ರೆಗಿಸ್ತಾನ್ ಚೌಕ ಕಲಿಸಿಕೊಡುತ್ತದೆ. ಚೌಕದ ಮೂರು ಬದಿಗೆ ಮೂರು ಮದರಸಾ. ಒಂದನ್ನು ಕಟ್ಟಿಸಿದವನು ತೈಮೂರನ ಮೊಮ್ಮಗ ಉಲುಗ್ ಬೇಗ್, ಮುಗಿದದ್ದು 1420ರಲ್ಲಿ. ಆ ನೀಲಿ ಚಿತ್ತಾರಕ್ಕೆಲ್ಲ ಬೆನ್ನು ಹಾಕಿ, ದೂರದೂರಿಂದ ಬಸ್ಸು ಮಾಡಿಕೊಂಡು ಬಂದ ಅಜ್ಜಿಯರ ದಂಡು ನೋಡುವುದೇನನ್ನು? ನಿಮ್ಮ ಹೆಂಡತಿಯ ಇಳಕಲ್ ಸೀರೆಯನ್ನು!

‘ಹಿಂದಿಸ್ತಾನ್?’

ತಲೆಯಾಡಿಸಿದಿರೋ, ಕೆಟ್ಟಿರಿ. ಬಂಗಾರದ ಹಲ್ಲುಗಳು ಫಳಕ್ಕನೆ ಹೊಳೆಯುತ್ತವೆ. ಒಬ್ಬಳು ಸೆರಗು ಹಿಡಿದು ನೋಡಿದರೆ ಇನ್ನೊಬ್ಬಳಿಗೆ ಹಣೆಯ ಬೊಟ್ಟು ಬಳಿದದ್ದೋ ಅಂಟಿಸಿದ್ದೋ ಎಂಬ ಚಿಂತೆ. ಗಂಡನೆಂಬ ಪ್ರಾಣಿಗೆ ಅಲ್ಲಿ ಒಂದೇ ಕೆಲಸ: ಕೈಗೆ ಬಂದ ಫೋನುಗಳನ್ನೆಲ್ಲ ಹಿಡಿದು ಫೋಟೊ ತೆಗೆಯುವುದು.

ಈ ಮರ್ಯಾದೆ ನಿಮ್ಮ ಮುಖ ನೋಡಿ ಬಂದದ್ದೆಂದು ಬೀಗಬೇಡಿ. ಇದು ರಾಜ್ ಕಪೂರ್ ಸಂಪಾದಿಸಿಟ್ಟ ಆಸ್ತಿ. 1954ರಲ್ಲಿ ‘ಆವಾರಾ’ ಸೋವಿಯತ್ ಒಕ್ಕೂಟದ ಪರದೆಗೆ ಬಂತು. ಉಜ್ಬೇಕಿಸ್ತಾನ ಆಗ ಅದರೊಳಗಿತ್ತು. ಆಮೇಲೆ ‘ಸೀತಾ ಔರ್ ಗೀತಾ’, ಅದರ ಬೆನ್ನಿಗೆ ‘ಡಿಸ್ಕೊ ಡ್ಯಾನ್ಸರ್’. 1991ರಲ್ಲಿ ಒಕ್ಕೂಟ ಒಡೆದು ಹೋಳಾಯಿತು. ಹಿಂದಿ ಸಿನಿಮಾ ಹುಚ್ಚು ಮಾತ್ರ ಇಡಿಯಾಗಿಯೇ ಉಳಿಯಿತು. ಲಾಲ್ ಬಹಾದೂರ್ ಶಾಸ್ತ್ರಿಯವರು 1966ರಲ್ಲಿ ಕೊನೆಯುಸಿರೆಳೆದ ಊರೆಂದು ನೀವು ಮುಖ ಗಂಭೀರ ಮಾಡಿಕೊಂಡು ತಾಷ್ಕೆಂಟಿನ ಚೋರ್ಸು ಬಜಾರಿಗೆ ಹೋದರೆ, ಒಣದ್ರಾಕ್ಷಿ ಮಾರುವವನು ತಕ್ಕಡಿ ಬಿಟ್ಟು ಮಿಥುನ್ ಚಕ್ರವರ್ತಿಯ ಹಾಗೆ ಸೊಂಟ ಕುಣಿಸುತ್ತಾನೆ. ‘ನಮ್ಮಲ್ಲೂ ಒಬ್ಬರು ರಾಜ್ ಇದ್ದರು, ಡಾಕ್ಟರ್ ರಾಜ್’ ಎಂದು ನೀವು ಎದೆ ಸೆಟೆಸಿ ಹೇಳಿ ನೋಡಿ. ಎಲ್ಲರೂ ಸಂತೋಷದಿಂದ ತಲೆಯಾಡಿಸುತ್ತಾರೆ, ‘ಹೌದು ಹೌದು, ರಾಜ್ ಕಪೂರ್!’

ಚಹಾಕ್ಕೆ ಕೂರಿಸಿದರಂತೂ ಮುಗಿಯಿತು. ಹಿಡಿಯಿಲ್ಲದ ಬಟ್ಟಲಿಗೆ ನಮ್ಮ ಬೈ-ಟು ಕಾಫಿಯಷ್ಟೇ ಸುರಿಯುತ್ತಾರೆ. ಜಿಪುಣರಪ್ಪಾ ಅಂದುಕೊಳ್ಳಬೇಡಿ. ಅತಿಥಿಗೆ ಮತ್ತೆ ಮತ್ತೆ ಬಡಿಸುವ ಅವಕಾಶ ಸಿಗಲೆಂದೇ ಕಡಿಮೆ ಹಾಕುವುದು ಅಲ್ಲಿಯ ಗೌರವ. ಬಟ್ಟಲು ತುಂಬಿದಷ್ಟು ಸಲವೂ ಪ್ರಶ್ನೆ: ಮಕ್ಕಳೆಷ್ಟು? ಒಬ್ಬಳೇನಾ? ಯಾಕೆ? ಸಂಬಳವೆಷ್ಟು? ಹುಬ್ಬಳ್ಳಿ ಪ್ಯಾಸೆಂಜರ್ ರೈಲಿನಲ್ಲಿ ಎದುರು ಸೀಟಿನವರು ಕೇಳಿದರೆ ‘ಇವರಿಗ್ಯಾಕೆ ಊರ ಉಸಾಬರಿ’ ಎಂದು ಸಿಡುಕುವ ನಾವೇ ಅಲ್ಲಿ ಕೈಸನ್ನೆ ಮಾಡಿ ಬೆರಳೆಣಿಸಿ ಉತ್ತರ ಕೊಡುತ್ತೇವೆ. ಊರಿಗೆ ಬಂದಮೇಲೆ ‘ಎಂಥಾ ಆತ್ಮೀಯ ಜನ ಅಂತೀರಿ!’ ಎಂದು ಹೊಗಳುವುದೂ ನಾವೇ.

ಹೊರಡುವ ಮುಂಚೆ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಒಂದು ಹಾಳೆ ಬೊಟ್ಟು ಇಟ್ಟುಕೊಳ್ಳಿ, ಕೇಳಿದವರ ಹಣೆಗೆಲ್ಲ ಹಚ್ಚಲು ಬೇಕಾಗುತ್ತದೆ. ಒಂದೆರಡು ಹಿಂದಿ ಹಾಡನ್ನೂ ಕಲಿತಿರಿ. ಸೊಂಟ ನೋವಿದ್ದವರು ಮೊದಲೇ ಹೇಳಿಬಿಡಿ. ಕುಣಿಸದೆ ಬಿಡುವ ಜನ ಅವರಲ್ಲ.