ಸಾಕಮ್ಮೀಯಂ: ಒಂದು ವಿರಳ ಸ್ತ್ರೀನಾಮದ ಉಗಮ, ವಿಕಾಸ ಮತ್ತು ಜನಪ್ರಿಯತೆ

ಲಕ್ಷ್ಮಿ, ಸರಸ್ವತಿ, ಪಾರ್ವತಿಯರ ಹೆಸರಿನ ಮೇಲೆ ನಮ್ಮ ಪಂಡಿತರು ಚೆಲ್ಲಿದ ಮಸಿಗೆ ಲೆಕ್ಕವಿಲ್ಲ. ಅದರಲ್ಲಿ ಒಂದು ತೊಟ್ಟೂ ಸಾಕಮ್ಮನ ಪಾಲಿಗೆ ಬೀಳಲಿಲ್ಲವೆಂಬುದು ವಿದ್ವತ್ ಲೋಕದ ಕಳಂಕ. ಅದನ್ನು ತೊಳೆಯುವ ಘನ ಉದ್ದೇಶದಿಂದ, ಯಾರೂ ಕೇಳದಿದ್ದರೂ, ಪ್ರಸ್ತುತ ಪ್ರಬಂಧವನ್ನು ಮಂಡಿಸಲಾಗುತ್ತಿದೆ. ಮೊದಲಿಗೆ ವ್ಯಾಕರಣದ ಒಂದು ಸೂಕ್ಷ್ಮ: ಲಕ್ಷ್ಮಿ ನಾಮಪದ, ಸಾಕಮ್ಮ ಪೂರ್ಣವಾಕ್ಯ. ‘ಸಾಕು, ಅಮ್ಮಾ.’ ಇಲ್ಲಿ ಅಮ್ಮ ಎಂದರೆ ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿರುವ ಕೂಸಲ್ಲ, ಗುಡಿಯೊಳಗೆ ಕೂತಿರುವವಳು. ಅಂದರೆ ಇದು ಹೆಸರಿನ ವೇಷದಲ್ಲಿರುವ ಅರ್ಜಿ. ಅರ್ಜಿದಾರರು ತಂದೆತಾಯಿ, ಕಾಗದ ಮಾತ್ರ ಮಗು.

ಮೂಲದ ಬಗ್ಗೆ ಮೂರು ಪಂಥಗಳಿವೆ. ಎರಡನ್ನು ಈ ಪ್ರಬಂಧದ ಅನುಕೂಲಕ್ಕಾಗಿ ನಾನೇ ಸ್ಥಾಪಿಸಿದ್ದೇನೆ. ಸಾಕುವಾದಿಗಳ ಪ್ರಕಾರ ಹಳಗನ್ನಡದ ‘ಸಾಲ್ಗುಂ’ ಸವೆದು ‘ಸಾಕು’ ಆಯಿತು, ಮೂರನೆಯದೋ ನಾಲ್ಕನೆಯದೋ ಹೆಣ್ಣು ಹುಟ್ಟಿದ ಮನೆಯಲ್ಲಿ ಅದಕ್ಕೆ ‘ಅಮ್ಮ’ ಸೇರಿತು. ಸಾಕಣೆವಾದಿಗಳು ಇದನ್ನು ಒಪ್ಪುವುದಿಲ್ಲ. ಹುಟ್ಟಿದ ಕೂಸು ಉಳಿಯದ ಮನೆಗಳಲ್ಲಿ ಮಗುವನ್ನು ಮೊರದಲ್ಲಿಟ್ಟು ನೆರೆಯವಳಿಗೆ ಕೊಟ್ಟು, ಒಂದು ಕಾಸಿಗೋ ಒಂದು ಹಿಡಿ ತೌಡಿಗೋ ಮರಳಿ ಕೊಳ್ಳುವ ಪದ್ಧತಿಯಿತ್ತು. ‘ಇದು ಹೆತ್ತದ್ದಲ್ಲ, ಸಾಕಿದ್ದು’ ಎಂದು ಯಮನಿಗೆ ಮಂಕುಬೂದಿ ಎರಚುವ ಉಪಾಯ. ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಮ್ಮ ಎಂದದ್ದೂ ಇದೇ ಜಾಣತನ. (ನಾಯಕನಹಟ್ಟಿ ಸೀಮೆಯವರು ಕೋಪಿಸಿಕೊಳ್ಳಬಾರದು. ಅಲ್ಲಿಯ ತಿಪ್ಪಮ್ಮಂದಿರು ತಿಪ್ಪೇರುದ್ರಸ್ವಾಮಿಯ ಕಡೆಯವರು.) ಮೂರನೆಯದು ಶಾಕಾಂಬರಿವಾದ. ಬಾದಾಮಿಯ ಬನಶಂಕರಿಗೆ ಶಾಕಾಂಬರಿ ಎಂಬ ಹೆಸರೂ ಉಂಟು, ಜಾತ್ರೆಯ ಹೊತ್ತಿಗೆ ಪಲ್ಯದ ಹಬ್ಬವೂ ಉಂಟು. ಆದ್ದರಿಂದ ಸಾಕಮ್ಮ ಎಂದರೆ ಶಾಕಮ್ಮ, ತರಕಾರಿಯ ತಾಯಿ. ಕನ್ನಡದ ಯಾವ ಹೆಸರು ಸಿಕ್ಕರೂ ಊಟ ಮುಗಿಯುವುದರೊಳಗೆ ಅದಕ್ಕೆ ಸಂಸ್ಕೃತದಲ್ಲೊಬ್ಬ ಅಪ್ಪನನ್ನು ಗೊತ್ತುಮಾಡುವ ವಿದ್ವಾಂಸರು ನಮ್ಮಲ್ಲಿ ಧಾರಾಳ.

ಈ ವ್ಯಾಜ್ಯ ಬಗೆಹರಿಸಲು ನಿಘಂಟು ಬೇಕಿಲ್ಲ. ಯಾವ ಊರಿನ ಯಾವ ಸಾಕಮ್ಮಜ್ಜಿಯನ್ನಾದರೂ ‘ನಿಮಗೆ ಅಕ್ಕಂದಿರೆಷ್ಟು?’ ಎಂದು ಕೇಳಿ. ಪ್ರಶ್ನೆ ಮುಗಿಯುವ ಮೊದಲೇ ಮೂರು ಬೆರಳು ಮೇಲೆದ್ದಿರುತ್ತವೆ.

ನಾಮಕರಣದ ವಿಧಿಯನ್ನು ಹತ್ತಿರದಿಂದ ನೋಡಬೇಕು. ಚೊಚ್ಚಲಿನ ಹೆಣ್ಣಿಗೆ ಪಂಚಾಂಗ ತರಿಸುತ್ತಾರೆ, ನಕ್ಷತ್ರ ಕೇಳುತ್ತಾರೆ, ಅಜ್ಜಿಯ ಹೆಸರು ಇಡುತ್ತಾರೆ. ಎರಡನೆಯದಕ್ಕೆ ಮನೆದೇವರ ಹೆಸರು. ಮೂರನೆಯದಕ್ಕೆ ಇನ್ನೊಬ್ಬ ಅಜ್ಜಿ ಇದ್ದಾಳೆ. ನಾಲ್ಕನೆಯದರ ಹೊತ್ತಿಗೆ ಅಜ್ಜಿಯರೂ ಮುಗಿದಿರುತ್ತಾರೆ, ಉತ್ಸಾಹವೂ ಮುಗಿದಿರುತ್ತದೆ. ಪುರೋಹಿತರಿಗೆ ಹೇಳಿಕಳಿಸುವ ಖರ್ಚಿಲ್ಲ. ಹಳೇ ಸೀರೆಯ ಜೋಲಿಯಲ್ಲಿ ಮಲಗಿದ ಕೂಸಿನ ಕಿವಿಯ ಹತ್ತಿರ ಸೋದರತ್ತೆ ಬಗ್ಗಿ, ವೀಳ್ಯದೆಲೆ ಅಡ್ಡ ಹಿಡಿದು, ಮೂರು ಸಲ ಉಸುರುತ್ತಾಳೆ: ಸಾಕಮ್ಮ, ಸಾಕಮ್ಮ, ಸಾಕಮ್ಮ. ಬಾಯಿಗೆ ಬೆಲ್ಲ ಸವರುತ್ತಾಳೆ. ಕೂಸು ಚಪ್ಪರಿಸುತ್ತದೆ, ಇನ್ನಷ್ಟು ಬೇಕೆಂದು ಅಳುತ್ತದೆ. ತನ್ನ ಹೆಸರಿನ ಅರ್ಥಕ್ಕೆ ಅದು ಸಲ್ಲಿಸುವ ಮೊದಲ ಆಕ್ಷೇಪಣೆ ಇದು.

ಮಂತ್ರದ ಫಲಶ್ರುತಿ? ವೈದ್ಯಶಾಸ್ತ್ರವನ್ನು ಕೇಳಿದರೆ, ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣು ಎಕ್ಸ್ ಹೊತ್ತು ತಂದಿದೆಯೋ ವೈ ಹೊತ್ತು ತಂದಿದೆಯೋ ಎಂಬುದರ ಮೇಲಿದೆ. ಪ್ರಕೃತಿಯನ್ನು ತನ್ನಷ್ಟಕ್ಕೆ ಬಿಟ್ಟರೆ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ. ಅಕ್ಕನ ಹೆಸರೇನೆಂದು ವೀರ್ಯಾಣು ವಿಚಾರಿಸುವುದಿಲ್ಲ. ಹೀಗಾಗಿ ಸಾಕಮ್ಮಂದಿರ ಬೆನ್ನಿಗೆ ಹುಟ್ಟಿದವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಗಂಡೇ. ಇಷ್ಟು ಯಶಸ್ಸಿರುವ ಹರಕೆ ಊರಿನಲ್ಲಿ ಇನ್ನೊಂದಿಲ್ಲ. ಗಂಡಾದರೆ ಹೆಸರಿಟ್ಟವರ ಬುದ್ಧಿವಂತಿಕೆ. ಹೆಣ್ಣಾದರೆ ಸಾಕಮ್ಮನ ಕಾಲ್ಗುಣ. ಆದರೆ ಹಾಗೆ ಹುಟ್ಟಿದ ಐದನೆಯ ಹೆಣ್ಣಿಗೆ ಏನೆಂದು ಹೆಸರಿಡುವುದು? ‘ಸಾಕು’ ಅಂದಾದ ಮೇಲೆ ಭಾಷೆಯ ಉಗ್ರಾಣದಲ್ಲಿ ಉಳಿದದ್ದೇನು? ಚಿಕ್ಕಸಾಕಮ್ಮ ಎಂಬ ಪರಿಹಾರವನ್ನು ಪ್ರಬಂಧಕಾರನು ಪರಿಶೀಲಿಸಿ ಕೈಬಿಟ್ಟಿದ್ದಾನೆ, ಏಕೆಂದರೆ ಅದು ‘ಸ್ವಲ್ಪ ಸಾಕು’ ಎಂಬ ಅರ್ಥ ಕೊಟ್ಟು ದೇವರನ್ನು ಗೊಂದಲಕ್ಕೆ ಕೆಡವುತ್ತದೆ.

ಈ ಆವಿಷ್ಕಾರ ಕನ್ನಡಿಗರದೇ ಎಂದು ಬೀಗುವ ಆಸೆಯಿತ್ತು. ತೌಲನಿಕ ಅಧ್ಯಯನ ಅದಕ್ಕೆ ತಣ್ಣೀರೆರಚಿತು. ತಮಿಳಿನಲ್ಲಿ ವೇಂಡಾಮ್ ಇದ್ದಾಳೆ, ಪೋದುಂಪೊಣ್ಣು ಇದ್ದಾಳೆ. ಬಂಗಾಳದ ಆನ್ನಾಕಾಲಿ ‘ಇನ್ನು ಬೇಡ ಕಾಳಿ’ ಎಂದು ನೇರವಾಗಿ ದೇವಿಗೇ ಹೇಳುತ್ತಾಳೆ, ಅರ್ಜಿಯ ವಿಳಾಸ ಸ್ಪಷ್ಟ. ಹರಿಯಾಣದಲ್ಲಿ ಭತೇರಿ. ತುರ್ಕಿಯಲ್ಲಿ ಯೆತೆರ್, ಇರಾನಿನಲ್ಲಿ ದೊಖ್ತರ್‌ಬಸ್, ಮೂವರೂ ‘ಸಾಕು’ ಎನ್ನುವವರೇ. ಚೀನಾದವರು ಇನ್ನೂ ವ್ಯವಹಾರಸ್ಥರು: ಬೇಡ ಎನ್ನುವುದರ ಬದಲು ಝಾವೊದಿ ಎಂದು ಹೆಸರಿಟ್ಟು, ತಮ್ಮನನ್ನು ಕರೆದುತರುವ ಕೆಲಸವನ್ನು ಮಗಳ ತಲೆಗೇ ಕಟ್ಟುತ್ತಾರೆ. ಮಹಾರಾಷ್ಟ್ರದ ನಕುಶಾ ಎಂದರೆ ‘ಬೇಡವಾದವಳು’, ಮುಚ್ಚುಮರೆಯೇ ಇಲ್ಲ. ಸಾತಾರಾ ಜಿಲ್ಲೆಯಲ್ಲಿ 2011ರಲ್ಲಿ ಸಮಾರಂಭ ಮಾಡಿ 285 ನಕುಶಾರಿಗೆ ಹೊಸ ಹೆಸರು ಕೊಟ್ಟರು. ಕೆಲವರು ಐಶ್ವರ್ಯಾ ಎಂದು ಆರಿಸಿಕೊಂಡರು, ನ್ಯಾಯವೇ. ಹೆಸರು ಬದಲಿಸದೆ ಸೇಡು ತೀರಿಸಿಕೊಂಡವಳು ಹಿಸಾರ್ ಜಿಲ್ಲೆಯ ಅಂತಿಮ್ ಪಂಘಾಲ್. ಹೆಣ್ಣುಮಕ್ಕಳಲ್ಲಿ ಇವಳೇ ಕೊನೆಯಾಗಲಿ ಎಂದು ಇಟ್ಟ ಹೆಸರು. 2022ರಲ್ಲಿ ಇಪ್ಪತ್ತು ವರ್ಷದೊಳಗಿನವರ ಕುಸ್ತಿಯಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ ಹುಡುಗಿ ಅವಳು. ಮರುವರ್ಷ ಮತ್ತೆ ಗೆದ್ದಳು. ಕೊನೆಯವಳಿಗೆ ಒಂದು ಸಲ ಸಾಲದಾಯಿತು.

ನಮ್ಮ ಸಾಕಮ್ಮಂದಿರೂ ಕಡಿಮೆಯವರಲ್ಲ. ಸೋಮವಾರಪೇಟೆಯ ಕಾಫಿ ತೋಟದ ಮನೆಗೆ ಸೊಸೆಯಾಗಿ ಹೋದ ಡಿ. ಸಾಕಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡರು. ‘ಇನ್ನು ಸಾಕು, ಮೂಲೆ ಹಿಡಿ’ ಎನ್ನುತ್ತಿದ್ದ ಕಾಲ. ಅವರು ತೋಟ ನಡೆಸಿದರು, ಬೆಂಗಳೂರಿಗೆ ಬಂದು ಬೀಜ ಹುರಿದು ಪುಡಿಮಾಡುವ ಕಾರ್ಖಾನೆ ಹಾಕಿದರು, ‘ಕಾಫಿಪುಡಿ ಸಾಕಮ್ಮ’ ಎಂದೇ ಮನೆಮಾತಾದರು. 1928ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಕಾಲಿಟ್ಟ ಮೊದಲ ಹೆಂಗಸರಲ್ಲಿ ಒಬ್ಬರು. ಬಸವನಗುಡಿ ಕಡೆಯ ಸಾಕಮ್ಮ ಗಾರ್ಡನ್ಸ್ ಇವತ್ತಿಗೂ ಆ ಹೆಸರನ್ನು ಹೊತ್ತಿದೆ. ಇನ್ನೊಬ್ಬಳು ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ, ಉಮಾಶ್ರೀಯವರು ರಂಗದ ಮೇಲೆ ಜೀವ ತುಂಬಿದವಳು. ಅವಳ ಹೆಸರು ಸಾಕವ್ವ, ಮನೆಯಲ್ಲಿ ಯಾವುದೂ ಸಾಕಾಗುವಷ್ಟಿಲ್ಲ. ಇದ್ದೊಂದು ಹುಂಜವೂ ಕಳೆದುಹೋಗಿ ಅದನ್ನು ಹುಡುಕುತ್ತ ಅಲೆಯುತ್ತಾಳೆ. ನಾಮಶಾಸ್ತ್ರದ ಯಾವ ಪಂಥಕ್ಕೂ ಅವಳು ಸಿಕ್ಕುವವಳಲ್ಲ.

ಇಷ್ಟೆಲ್ಲ ಘನತೆಯಿರುವ ಹೆಸರು ವಿರಳವಾದದ್ದೇಕೆ? ಈಗ ಶಾಲೆಯ ಹಾಜರಿಪುಸ್ತಕದಲ್ಲಿ ಸಾಕಮ್ಮ ಇಲ್ಲ. ಇದ್ದರೆ ಪಿಂಚಣಿಯ ಪಟ್ಟಿಯಲ್ಲಿ. ಜನ ತಿಳಿವಳಿಕಸ್ಥರಾದರು ಎಂದು ಬರೆದು ಮುಗಿಸಿದರೆ ಪ್ರಬಂಧಕ್ಕೆ ಬಹುಮಾನ ಬರಬಹುದು. ಆದರೆ 2017–18ರ ಆರ್ಥಿಕ ಸಮೀಕ್ಷೆ, ಗುಲಾಬಿ ಮುಖಪುಟ ಹೊದ್ದುಕೊಂಡು ಬಂದದ್ದು, ಮನೆಮನೆಯ ಕೊನೆಯ ಮಗು ಹೆಣ್ಣೋ ಗಂಡೋ ಎಂದು ಲೆಕ್ಕಹಾಕಿ, 25 ವರ್ಷದವರೆಗಿನ ವಯಸ್ಸಿನ ಸುಮಾರು 2.1 ಕೋಟಿ ಹೆಣ್ಣುಮಕ್ಕಳು ಗಂಡಿನ ದಾರಿ ಕಾಯುವಾಗ ಹುಟ್ಟಿದ ‘ಬೇಡವಾದವರು’ ಎಂದು ಅಂದಾಜಿಸಿತು. ಅಷ್ಟೂ ಜನ ಸಾಕಮ್ಮಂದಿರೇ, ಆಧಾರ್ ಕಾರ್ಡಿನಲ್ಲಿ ಬೇರೆ ಹೆಸರಿದೆ ಅಷ್ಟೆ. ಇನ್ನು ಕೆಲವು ಮನೆಗಳಿಗೆ ಹೆಸರಿಡುವ ಪ್ರಮೇಯವೇ ಬರುವುದಿಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಷ್ಟು ಹಳೆಯದು. 2011ರ ಜನಗಣತಿಯಲ್ಲಿ ಕರ್ನಾಟಕದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 948 ಹೆಣ್ಣು. 2023ರಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಬೆಲ್ಲದ ಅಚ್ಚುಗಳ ನಡುವೆ ಸ್ಕ್ಯಾನಿಂಗ್ ನಡೆಯುತ್ತಿತ್ತೆಂಬುದು ಬಯಲಾಯಿತು. ಹಿಂದಿನವರು ಹೆತ್ತ ಮೇಲೆ ‘ಸಾಕು’ ಅಂದರು. ಅಂದವರೇ ಮಾರನೆಯ ದಿನ ಎಣ್ಣೆ ಹಚ್ಚಿ ನೀರೆರೆದು ಸಾಕಿದರು; ಸಾಕಣೆವಾದಿಗಳ ಮಾತಿನಲ್ಲೂ ಹುರುಳಿದೆ ಎಂದು ಪ್ರಬಂಧಕಾರನು ಇಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ.

ಕೊನೆಯದಾಗಿ ಸಮಕಾಲೀನ ಪ್ರವೃತ್ತಿ. ಇತ್ತೀಚೆಗೆ ಅಂಗನವಾಡಿ, ನರ್ಸರಿಗಳಲ್ಲಿ ‘ಆದ್ಯಾ’ ಎಂದು ಕೂಗಿದರೆ ಮೂರು ತಲೆ ತಿರುಗುತ್ತವೆ. ಆದ್ಯಾ ಎಂದರೆ ಮೊದಲನೆಯವಳು. ಮೊದಲನೆಯವಳು ಎಂದ ಮೇಲೆ ಎರಡನೆಯದು, ಮೂರನೆಯದು ಬರಬೇಕೆಂಬುದು ಗಣಿತದ ನಿಯಮ. ಆದರೆ ಆದ್ಯಾಳ ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮನೆ ಸಾಲ ಇನ್ನೂ ಹದಿನೆಂಟು ವರ್ಷವಿದೆ, ಒಂದೇ ಮಗು ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ‘ಸಾಕು’ ಎಂದು ಹೆಸರಿಟ್ಟ ಮನೆಯಲ್ಲಿ ಅವಳ ಬೆನ್ನಿಗೆ ನಾಲ್ಕು ಹುಟ್ಟಿದವು. ‘ಮೊದಲನೆಯವಳು’ ಎಂದು ಹೆಸರಿಟ್ಟ ಮನೆಯಲ್ಲಿ ತೊಟ್ಟಿಲು ಆಗಲೇ ಓಎಲ್‌ಎಕ್ಸ್‌ನಲ್ಲಿ ಮಾರಾಟಕ್ಕಿದೆ. ಈ ವೈರುಧ್ಯವನ್ನು ವಿವರಿಸುವ ಸೂತ್ರವೊಂದು ಪ್ರಬಂಧಕಾರನ ಬಳಿ ಸಿದ್ಧವಿದೆ. ಸಂಶೋಧನಾ ಅನುದಾನ ಮಂಜೂರಾದ ದಿನ ಪ್ರಕಟಿಸಲಾಗುವುದು. ಎಷ್ಟು ಕೊಟ್ಟರೂ ಸಾಕು ಅನ್ನುವುದಿಲ್ಲ.