ಮತ್ತೆ ಬಂತು ಕಂಪನಿ ಸರ್ಕಾರ

ಜಹೀರಾಬಾದ್, ನಾರಾಯಣಖೇಡ, ತಾಂಡೂರು ನಿಜಾಮರ ಸೀಮೆ. ಬಳ್ಳಾರಿ, ಧಾರವಾಡದವರು ಉಂಡ ಕಂಪನಿ ಸರ್ಕಾರದ ನೇರ ಆಡಳಿತ ನಮ್ಮ ಹಣೆಯಲ್ಲಿ ಬರೆದಿರಲಿಲ್ಲ. ಆ ಕೊರತೆ ಈಗ ಮೊಬೈಲಿನಲ್ಲಿ ನೀಗಿದೆ.

ಸಂಜೆಯಾದರೆ ಹುಡುಗರು ಬಿಜಿಎಂಐ ಎಂಬ ಮೊಬೈಲ್ ಆಟದ ದ್ವೀಪಕ್ಕೆ ಪ್ಯಾರಾಶೂಟಿನಲ್ಲಿ ಇಳಿಯುತ್ತಾರೆ. ಕನ್ನಡ, ತೆಲುಗು, ಉರ್ದು ಮೂರೂ ಅಲ್ಲಿ ಒಂದೇ ಬೈಗುಳದಲ್ಲಿ ಕೂಡಿ ಬಾಳುತ್ತವೆ. 1956ರಲ್ಲಿ ಭಾಷೆಯ ಲೆಕ್ಕದಲ್ಲಿ ರಾಜ್ಯಗಳ ಗಡಿಗೆರೆ ಎಳೆದವರಿಗೆ ಇಂಥ ಐಕ್ಯ ಹೊಳೆದಿರಲಿಕ್ಕಿಲ್ಲ. ಗುಂಡು ತಗುಲಿದರೆ ಹಸಿರು ರಕ್ತ ಚಿಮ್ಮುವಂತೆ ಆಟವನ್ನು ಭಾರತಕ್ಕೆಂದೇ ಸಂಸ್ಕರಿಸಿ ತಂದಿದ್ದರು. ಆದರೂ 2022ರ ಜುಲೈ 28ರಂದು ಸರ್ಕಾರ ಕಣ್ಣು ಕೆಂಪಗೆ ಮಾಡಿತು, ಆಟ ಸ್ಟೋರಿನಿಂದ ಮಾಯ! 2023ರ ಮೇ ತಿಂಗಳಲ್ಲಿ ಮರಳಿತು. ಹೋಗುವಾಗಲೂ ಬರುವಾಗಲೂ ದ್ವೀಪದ ಪ್ರಜೆಗಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆಟದೊಳಗೆ ರೊಕ್ಕ ಕೊಟ್ಟು ತೊಟ್ಟ ಅಂಗಿಯೂ ಆಟದ ಕಂಪನಿಯದೇ.

ಕಂಪನಿಯ ಈ ದ್ವೀಪಕ್ಕೆ ಎದುರಾಗಿ, ಜಹೀರಾಬಾದಿನ ಹತ್ತಿರದ ಮಾಚನೂರಿನಲ್ಲಿ ದಲಿತ ಹೆಂಗಸರು ನಡೆಸುವ ಸಂಘಂ ರೇಡಿಯೋ ಹುಟ್ಟಿದ್ದು ಬೇರೆ ರೀತಿ. ಸ್ಟುಡಿಯೋ ಇತ್ತು, ಟವರ್ ಇತ್ತು, ಲೈಸೆನ್ಸ್ ಇರಲಿಲ್ಲ. ಬಿತ್ತನೆ ಬೀಜದ ಮಾತು, ಹಾಡು ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿ ಸಂಘದ ಸಭೆಗಳಲ್ಲಿ ಕೇಳಿಸುತ್ತ ವರ್ಷಗಟ್ಟಲೆ ಕಾದರು. 2008ರ ಅಕ್ಟೋಬರ್ 15ರಂದು ಗಾಳಿಗೆ ಬಂದರು. ಸಮುದಾಯ ರೇಡಿಯೋಗೆ ಸ್ವಂತ ಸುದ್ದಿ ಓದುವ ಹಕ್ಕಿಲ್ಲ. ಆಕಾಶವಾಣಿ ಹೇಳಿದ್ದನ್ನೇ ಮರುಪ್ರಸಾರ ಮಾಡಿ ಧನ್ಯರಾಗಬೇಕು. ಆದರೆ ಜಗಳ ಆಡುವುದಕ್ಕಾದರೂ ಅವರ ಕೈಯಲ್ಲಿ ಒಂದು ಕಾಗದವಿದೆ: ತರಂಗಾಂತರ ಸಾರ್ವಜನಿಕರ ಸ್ವತ್ತು ಎಂದ ಸುಪ್ರೀಂ ಕೋರ್ಟಿನ 1995ರ ತೀರ್ಪು. ಆಟದ ಸರ್ವರ್ ಯಾರಪ್ಪನ ಸ್ವತ್ತು ಎಂದು ಕೇಳಲು ನಮ್ಮ ಹುಡುಗರ ಕೈಯಲ್ಲಿ ಅಂಥ ಕಾಗದವೂ ಇಲ್ಲ.

ಅಮೆರಿಕದಲ್ಲಿ ಊರಿಗೆ ಊರೇ ಕಂಪನಿಯದಾದರೂ ಬೀದಿಯಲ್ಲಿ ಕರಪತ್ರ ಹಂಚುವವರನ್ನು ತಡೆಯಬಾರದೆಂದು 1946ರಲ್ಲೇ ತೀರ್ಪಾಗಿತ್ತು. ಆದರೆ ಕಂಪನಿಯ ಊರು ಆಟದೊಳಗಿದ್ದರೆ? 2003ರಲ್ಲಿ ಅಲ್ಲಿನ ಪೀಟರ್ ಲಡ್ಲೊ ಎಂಬ ತತ್ತ್ವಶಾಸ್ತ್ರದ ಮೇಷ್ಟ್ರು 'ದ ಸಿಮ್ಸ್ ಆನ್‌ಲೈನ್' ಎಂಬ ಆಟದೂರಿನ ಹೊಲಸನ್ನು ತಮ್ಮ ಪತ್ರಿಕೆಯಲ್ಲಿ ಬಯಲಿಗೆಳೆದರು. ಕಂಪನಿ ಅವರ ಖಾತೆಯನ್ನೇ ಕಿತ್ತೆಸೆಯಿತು. ಪ್ರೊಫೈಲಿನಲ್ಲಿ ಹೊರಗಿನ ಕೊಂಡಿ ಹಾಕಿದ್ದು ಅಪರಾಧವಂತೆ.

ನಮ್ಮ ಕಡೆ ಅಜ್ಜ ಸಾಹುಕಾರನ ಪತ್ರಕ್ಕೆ ಓದದೆ ಹೆಬ್ಬೆಟ್ಟು ಒತ್ತಿದ, ಓದು ಬರುತ್ತಿರಲಿಲ್ಲ. ಇಂಜಿನಿಯರಿಂಗ್ ಮಾಡುವ ಮೊಮ್ಮಗ 'ಐ ಅಗ್ರೀ' ಮೇಲೆ ಅದೇ ಹೆಬ್ಬೆಟ್ಟು ಒತ್ತಿದ್ದಾನೆ. ಯಾವುದೋ ಆಟದಲ್ಲಿ ಅವನ ಬಾಯಿಗೆ ಬೀಗ ಬಿತ್ತು.

"ಯಾಕೋ ತಮ್ಮಾ?"

"ರೂಲ್ ಮುರದೀನಂತ, ಕಾಕಾ."

"ಯಾವ ರೂಲ್?"

"ಅದು ಹೇಳಂಗಿಲ್ಲಂತ."

"ಅಪೀಲ್ ಹಾಕು."

"ಹಾಕೀನಿ. ಆಟ ಹ್ಯಾಂಗ ಅನಿಸ್ತು, ಸ್ಟಾರ್ ಕೊಡು ಅಂತ ಉತ್ತರ ಬಂದದ."