ರಾಷ್ಟ್ರನಿರ್ಮಾಪಕ-ಚರಿತ್ರ-ಸಾಮೂಹಿಕ-ವಾಚನ-ಮೀಮಾಂಸೆ (ಮಕರಪುರ ಶಾಖೆ)

ಯಾವ ಶಾಸ್ತ್ರವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಹೇಳಿಯೇ ಶುರುವಾಗಬೇಕೆಂಬುದು ಪ್ರಾಚೀನರ ಕಟ್ಟಳೆ. ಪ್ರಕೃತ ಶಾಸ್ತ್ರದ ವಿಷಯ: ವಡೋದರಾದ (ಹಳೆಯ ಹೆಸರಿನಲ್ಲಿ ಬರೋಡದ) ತೆಂಕಣ ಅಂಚಿನ ಮಕರಪುರದಲ್ಲಿ ತಿಂಗಳಿಗೊಂದು ಭಾನುವಾರ ಕೂಡುವ ಕೆಲವು ಕನ್ನಡಿಗರು ಸರ್ದಾರ್ ವಲ್ಲಭಭಾಯಿ ಪಟೇಲರ ಜೀವನಚರಿತ್ರೆಯನ್ನು ಓದುತ್ತಿರುವ ಬಗೆ. ಪ್ರಯೋಜನ: ವಿಚಾರಣೆಯಲ್ಲಿದೆ. ಸಂಬಂಧ: ಇಬ್ಬರು ಷಡ್ಡಕರು, ಉಳಿದವರು ನೆರೆಹೊರೆ. ಅಧಿಕಾರಿ: ಪುಸ್ತಕ ಕೊಂಡವನು, ಓದಿರಲೇಬೇಕೆಂಬ ವಿಧಿಯಿಲ್ಲ.

ಕ್ಷೇತ್ರಮಹಾತ್ಮೆಯನ್ನು ಚುಟುಕಾಗಿ ಹೇಳಿಬಿಡುವುದು ಲೇಸು. ಮಕರಪುರದಲ್ಲಿ ಅರಮನೆಯೊಂದಿದೆ. 1870ರಲ್ಲಿ ಖಂಡೇರಾವ್ ಗಾಯಕವಾಡರು ಕಟ್ಟಿಸಿದ್ದು, ಸಯಾಜಿರಾವ್ ಮಹಾರಾಜರ ಕಾಲದಲ್ಲಿ ಚಿಸಂ ಎಂಬ ವಾಸ್ತುಶಿಲ್ಪಿ ಹಿಗ್ಗಿಸಿದ್ದು. ಈಗ ವಾಯುಸೇನೆಯ ತರಬೇತಿ ಶಾಲೆ. ಒಳಗೆ ಹೋಗಲು ನಮಗೆ ಅನುಮತಿಯಿಲ್ಲ; ಆದ್ದರಿಂದ ಅದರ ಸೌಂದರ್ಯದ ಬಗ್ಗೆ ಕೂಟದಲ್ಲಿ ಪೂರ್ಣ ಒಮ್ಮತವಿದೆ. ಅರಮನೆ ಬಿಟ್ಟರೆ ಜಿಐಡಿಸಿ ಕೈಗಾರಿಕಾ ವಸಾಹತಿನ ಶೆಡ್ಡುಗಳು, ಒಎನ್‌ಜಿಸಿ, ರೈಲು ಹಳಿ. ಇವುಗಳ ನೆಪದಲ್ಲಿಯೇ ಕನ್ನಡಿಗರು ಇಲ್ಲಿಗೆ ಬಂದದ್ದು. ಅವರ ಹಸಿವಿನ ನೆಪದಲ್ಲಿ ಉಡುಪಿ ಕಡೆಯವರು ಬಂದದ್ದು.

ಇನ್ನು, ಓದುವುದಕ್ಕೆ ಇದಕ್ಕಿಂತ ಪುಣ್ಯಭೂಮಿ ಬೇರೆ ಸಿಗಲಾರದು. 1906ರಲ್ಲೇ ಬರೋಡ ಸಂಸ್ಥಾನದ ಉದ್ದಗಲಕ್ಕೆ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದ ಊರು ಇದು. 1910ರಲ್ಲಿ ಮಹಾರಾಜರು ಅಮೆರಿಕದಿಂದ ವಿಲಿಯಂ ಬಾರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿದರು. ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಹಳ್ಳಿಗೆ ಕಳಿಸುವ ಸಂಚಾರಿ ಗ್ರಂಥಾಲಯ ಹುಟ್ಟಿತು. ಓದದೆ ಇರುವುದಕ್ಕೆ ಈ ಊರಿನಲ್ಲಿ ಸಬೂಬು ಸಿಗುವುದೇ ದುರ್ಲಭ. ಆ ದುರ್ಲಭವನ್ನು ಸಾಧಿಸಿದ್ದು ನಮ್ಮ ಕೂಟದ ಮೊದಲ ಹೆಗ್ಗಳಿಕೆ.

ಪಾಠಪರಿಷ್ಕರಣೆ

ಇದೇ ಬರೋಡದ ಪ್ರಾಚ್ಯವಿದ್ಯಾ ಮಂದಿರದ ಪಂಡಿತರು ವಾಲ್ಮೀಕಿ ರಾಮಾಯಣದ ಹಸ್ತಪ್ರತಿಗಳನ್ನು ಎದುರುಬದುರಿಟ್ಟು, ಪಾಠಾಂತರಗಳನ್ನು ಸೋಸಿ, 1960ರಿಂದ 1975ರವರೆಗೆ ಒಂದೊಂದೇ ಕಾಂಡವಾಗಿ ಪರಿಷ್ಕೃತ ಆವೃತ್ತಿ ತಂದರು. ಆ ವಿಧಾನವನ್ನೇ ಪ್ರಬಂಧಕಾರನು ರಾಜಮೋಹನ ಗಾಂಧಿಯವರು ಬರೆದ ಪಟೇಲರ ಜೀವನಚರಿತ್ರೆಗೆ ಅನ್ವಯಿಸಿದ್ದಾನೆ. ಮೂಲ ಒಂದೇ ಮುದ್ರಣವಾದರೂ ಕೂಟದ ಸದಸ್ಯರ ಕೈಯಲ್ಲಿ ಅದು ಬೇರೆ ಬೇರೆ ಗ್ರಂಥಗಳಾಗಿ ಒಡೆದಿದೆ.

ಹೋ-ಪ್ರತಿ: ಹೋಟೆಲ್ ಅಣ್ಣನದು. ಗಲ್ಲಾದ ಪಕ್ಕ ಇದ್ದುದರಿಂದ ರಟ್ಟು ಜಿಡ್ಡುಗಟ್ಟಿದೆ. ನಡುವೆ ಹಾಲಿನವನ ಚೀಟಿ. ವಾ-ಪ್ರತಿ: ನಿವೃತ್ತ ವಾಯುಸೇನೆ ಸಾರ್ ಅವರದು. ಖಾಕಿ ಕಾಗದದ ಹೊದಿಕೆ, ಮೊದಲ ಪುಟದಲ್ಲಿ ಸಹಿ, ದಿನಾಂಕ, ಬೆಲೆ. ಒಳಗೆ ಗಾಳಿ ಹೊಕ್ಕ ಕುರುಹಿಲ್ಲ. ಕ-ಪ್ರತಿ: ಕಲಬುರಗಿಯವರದು. ಇದು ಹೈದರಾಬಾದಿನ ಅಧ್ಯಾಯದಲ್ಲಿ ತಾನಾಗಿಯೇ ತೆರೆದುಕೊಳ್ಳುತ್ತದೆ, ಬೇರೆಡೆ ಬಲವಂತ ಮಾಡಿದರೂ ತೆರೆಯುವುದಿಲ್ಲ. ಅ-ಪ್ರತಿ: ನಿವೃತ್ತ ಗಣಿತದ ಮೇಡಂ, ಎಲ್ಲರಿಗೂ ಅಕ್ಕ, ಅವರದು. ಇದೊಂದೇ ಸಮಗ್ರ ಪ್ರತಿ. ಪೆನ್ಸಿಲ್ ಗೆರೆ ಕೊನೆಯ ಪುಟದವರೆಗೆ ಇದೆ. ಹೀಗಾಗಿ ವಿದ್ವತ್ ನ್ಯಾಯದಂತೆ ಇದನ್ನು ಅಪವಾದವೆಂದು ಬದಿಗಿರಿಸಲಾಗಿದೆ.

ಈ ಪ್ರತಿಗಳ ತೌಲನಿಕ ಅಧ್ಯಯನದಿಂದ ಹೊರಟ ಸೂತ್ರ ಹೀಗಿದೆ: ಸ್ವಗ್ರಾಮ ಏವ ಗ್ರಂಥಃ, ಶೇಷಂ ರಟ್ಟು. ಯಾವ ಪುಟದಲ್ಲಿ ಓದುಗನ ಊರು ಬರುತ್ತದೆಯೋ ಅದೇ ಗ್ರಂಥ, ಮಿಕ್ಕದ್ದು ರಟ್ಟು. ವೈಯಾಕರಣರು ಆಕ್ಷೇಪಿಸಬಹುದು. ಅವರೂ ಒಮ್ಮೆ ಕೂಟಕ್ಕೆ ಬಂದು ನೋಡಲಿ.

ಉದಾಹರಣ ಪ್ರಕರಣ

ಸರ್ದಾರರ ಜನ್ಮದಿನ 1875ರ ಅಕ್ಟೋಬರ್ 31 ಎಂದು ದೇಶವೇ ಆಚರಿಸುತ್ತದೆ. ಅದು ಮೆಟ್ರಿಕ್ ಪರೀಕ್ಷೆಯ ಅರ್ಜಿಯಲ್ಲಿ ಅವರೇ ಅಂದಾಜಿಗೆ ಬರೆದುಕೊಂಡ ತಾರೀಕು. ಈ ಸಂಗತಿ ಓದಿದ ಕೂಡಲೇ ಕೂಟದಲ್ಲಿ ಮಿಂಚು ಹರಿಯಿತು. "ಎಂಥದು ಮಾರಾಯ್ರೆ, ನಮ್ಮಲ್ಲಿ ಅರ್ಧ ಊರು ಹುಟ್ಟಿದ್ದೇ ಜೂನ್ ಒಂದಕ್ಕೆ!" ಎಂದು ಹೋಟೆಲ್ ಅಣ್ಣ ಎದ್ದು ನಿಂತರು. ಶಾಲೆಗೆ ಸೇರಿಸುವಾಗ ಮೇಷ್ಟರು ಹಾಕಿದ ಜೂನ್ ಒಂದು ಯಾರುಯಾರದು ಎಂದು ಕೈ ಎತ್ತಿಸಲಾಗಿ, ಪಟೇಲರು ತತ್ತ್ವತಃ ಕನ್ನಡಿಗರೆಂದು ಸಿದ್ಧವಾಯಿತು. ವಾಯುಸೇನೆ ಸಾರ್ ಅವರ ನಿವೃತ್ತಿ ಒಂದೂವರೆ ವರ್ಷ ಮೊದಲೇ ಆದ ದುಃಖದ ಕಥೆಯೂ ಆಗಲೇ ಹೊರಬಿತ್ತು. ಆ ದಿನ ಪುಟ ಮಗುಚಲಿಲ್ಲ.

ಮುಂದಿನ ಪ್ರಕರಣ ಇನ್ನೂ ಗಹನ. ಬಾಲಕ ವಲ್ಲಭಭಾಯಿ ನಡಿಯಾದಿನಿಂದ ಬರೋಡದ ಹೈಸ್ಕೂಲಿಗೆ ಬಂದಿದ್ದರು. ಸಂಸ್ಕೃತ ಬಿಟ್ಟು ಗುಜರಾತಿ ತೆಗೆದುಕೊಂಡರು. ಗುಜರಾತಿ ಕಲಿಸುವ ಛೋಟಾಲಾಲ್ ಮೇಷ್ಟರಿಗೋ ಸಂಸ್ಕೃತವೇ ಪ್ರಾಣ. ಹುಡುಗನ ಮೇಲೆ ಸಿಟ್ಟಾಗಿ ಮಗ್ಗಿ ಬರೆದು ತಾ ಎಂದರು. ಬರೆಯದೆ ಬಂದಂತೆಲ್ಲ ಶಿಕ್ಷೆ ಇಮ್ಮಡಿಸುತ್ತ ಇನ್ನೂರರ ತನಕ ಏರಿತು. ಮಗ್ಗಿಗೂ ಕೋಣಗರುವಿಗೂ ಗುಜರಾತಿಯಲ್ಲಿ 'ಪಾಡಾ' ಎಂದೇ ಅನ್ನುತ್ತಾರೆ. ಇನ್ನೂರು ಪಾಡಾಗಳನ್ನೂ ಹೊಡೆದುಕೊಂಡು ಬಂದಿದ್ದೆ, ಬಾಗಿಲಲ್ಲಿ ಒಂದು ಹಾಯತೊಡಗಿದ್ದರಿಂದ ಎಲ್ಲವೂ ಓಡಿಹೋದವು ಎಂದು ಹುಡುಗ ಉತ್ತರ ಕೊಟ್ಟನಂತೆ. ಆಮೇಲೆ ಗಣಿತದ ಮೇಷ್ಟರ ಜೊತೆಯೂ ಜಟಾಪಟಿಯಾಗಿ ನಡಿಯಾದಿಗೆ ಮರಳಿದರು. ಮೆಟ್ರಿಕ್ ಪಾಸಾದದ್ದು 1897ರಲ್ಲಿ, 22ನೆಯ ವಯಸ್ಸಿಗೆ.

ಈ ಒಂದು ಪುಟದ ಮೇಲೆ ಎದ್ದ ಭಾಷ್ಯ, ವಾರ್ತಿಕ, ಟಿಪ್ಪಣಿಗಳಿಗೆ ಲೆಕ್ಕವಿಲ್ಲ. ಹುಡುಗನ ಪಕ್ಷವೆಂದೂ ಮೇಷ್ಟರ ಪಕ್ಷವೆಂದೂ ಎರಡು ಮತಗಳಾದವು. ಅಕ್ಕ ಮೇಷ್ಟರ ಪಕ್ಷ. "ಅವನು ಸರ್ದಾರ್ ಆಗ್ತಾನೆ ಅಂತ ಆ ಪಾಪದ ಮನುಷ್ಯನಿಗೆ ಯಾರಾದರೂ ಹೇಳಿದ್ದರಾ? ಕ್ಲಾಸಿನಲ್ಲಿ ಇನ್ನೂ ನಲವತ್ತು ಹುಡುಗರಿದ್ದರು. ಅವರಿಗೂ ಪಾಠ ಆಗಬೇಕಲ್ಲ?" ಇದಕ್ಕೆ ಪ್ರತಿಪಕ್ಷದಲ್ಲಿ ಸಮಾಧಾನ ಹೊಳೆಯಲಿಲ್ಲ, ಚಹಾ ಬಂತು. ಮಹಾಪುರುಷರ ಚರಿತ್ರೆಗಳಲ್ಲಿ ಮೇಷ್ಟರುಗಳು ಬೈಸಿಕೊಳ್ಳಲೆಂದೇ ಬರುವುದನ್ನು ಯಾರಾದರೂ ಪ್ರತ್ಯೇಕವಾಗಿ ಸಂಶೋಧಿಸಬೇಕು. ಪ್ರಬಂಧಕಾರನಿಗೆ ಸಮಯವಿಲ್ಲ.

ಸೂತ್ರದ ಇನ್ನೊಂದು ಮುಖ ಗಮನಿಸಿ. ಊರು ಬರದ ಪುಟಗಳಲ್ಲಿ ವಾಚನದ ವೇಗ ರಾಜಧಾನಿ ಎಕ್ಸ್‌ಪ್ರೆಸ್ಸನ್ನು ಮೀರುತ್ತದೆ. ಖೇಡಾ ಸತ್ಯಾಗ್ರಹ, ಕರಾಚಿ ಕಾಂಗ್ರೆಸ್, ಅಹಮದ್‌ನಗರ ಕೋಟೆಯ ಸೆರೆವಾಸ ಇವೆಲ್ಲ ಒಂದು ತಟ್ಟೆ ಲೀಲೋ ಚೇವ್ಡೋ ಖಾಲಿಯಾಗುವಷ್ಟರಲ್ಲಿ ಮುಗಿದವು. ಇಂಡಿಯಾದ 560ಕ್ಕೂ ಹೆಚ್ಚು ಸಂಸ್ಥಾನಗಳ ವಿಲೀನ ಹೆಚ್ಚುಕಡಿಮೆ ಕೈ ತೊಳೆಯಲು ಎದ್ದಾಗ ಆಯಿತು. ಅದರೊಳಗೂ ಹೈದರಾಬಾದ್ ಬಂದಾಗ ಕಲಬುರಗಿಯವರು ಗಾಡಿ ನಿಲ್ಲಿಸಿದರು. "ನಮ್ಮೂರಾಗ ಸರ್ದಾರ್ ಪಟೇಲ್ ಸರ್ಕಲ್ಲೇ ಅದ ರೀ. ಸೆಪ್ಟೆಂಬರ್ 17ಕ್ಕ ಅಲ್ಲೇ ಮಾಲಿ ಹಾಕ್ತಾರ. ನಿಮಗ 15ನೇ ಆಗಸ್ಟ್ ಒಂದ ಗೊತ್ತು, ನಮಗ ಸ್ವಾತಂತ್ರ್ಯ ಬಂದದ್ದು ಒಂದು ವರ್ಷ ತಡಾಗಿ!" ಮಾತು ನಿಜ. 1948ರ ಸೆಪ್ಟೆಂಬರ್ 13ಕ್ಕೆ ಸೈನ್ಯ ಹೊಕ್ಕು 17ಕ್ಕೆ ನಿಜಾಮರು ಸೋಲೊಪ್ಪಿದ ಮೇಲೆಯೇ ಬೀದರ, ಕಲಬುರಗಿ, ರಾಯಚೂರಿಗೆ ಇಂಡಿಯಾ ಸಿಕ್ಕಿದ್ದು. ಆ ವಿಲೀನಗಳಲ್ಲೆಲ್ಲ ಪಟೇಲರ ಬಲಗೈಯಾಗಿದ್ದ ವಿ. ಪಿ. ಮೆನನ್ ಎಳವೆಯಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರೆಂದು ತಿಳಿದಾಗ ಕೋಲಾರ ಕಡೆಯ ಷಡ್ಡಕರಿಬ್ಬರೂ ಮೊದಲ ಬಾರಿಗೆ ಪುಸ್ತಕ ಕೈಗೆತ್ತಿಕೊಂಡರು.

ಪ್ರಕ್ಷೇಪ ವಿಚಾರ

ಪ್ರಾಚೀನ ಕೃತಿಗಳಲ್ಲಿ ಲಿಪಿಕಾರರು ತಮಗೆ ಬೇಕಾದದ್ದನ್ನು ಸೇರಿಸುತ್ತಿದ್ದರು. ಕನ್ನಡಿಗರ ವಾಚನದಲ್ಲಿ ಇಂಥ ಪ್ರಕ್ಷೇಪ ಒಂದೇ, ಅದರ ಹೆಸರು ವಿಶ್ವೇಶ್ವರಯ್ಯ. ಮೂಲಗ್ರಂಥ ಯಾರ ಕುರಿತಾದರೂ ಇರಲಿ, ಅವರು ಬಂದೇ ಬರುತ್ತಾರೆ. ಪಟೇಲರಿಗೆ 'ಸರ್ದಾರ್' ಎಂಬ ಹೆಸರು ತಂದುಕೊಟ್ಟ 1928ರ ಬಾರ್ಡೋಲಿ ಸತ್ಯಾಗ್ರಹ ಸೂರತ್ ಜಿಲ್ಲೆಯದು. ಸೂರತ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ವಾಯುಸೇನೆ ಸಾರ್ ಗಂಟಲು ಸರಿಮಾಡಿಕೊಂಡರು: ಮುಂಬಯಿ ಸರ್ಕಾರದ ಎಂಜಿನಿಯರಾಗಿದ್ದಾಗ ಸೂರತ್ತಿಗೆ ನಲ್ಲಿ ನೀರು ಕೊಟ್ಟವರು ಯಾರು? ಅಲ್ಲಿಂದ ಕನ್ನಂಬಾಡಿಗೆ, ಅಲ್ಲಿಂದ ಭದ್ರಾವತಿಗೆ. ಬಾರ್ಡೋಲಿಯ ರೈತರ ಮೇಲೆ ಶೇಕಡ 22 ಹೆಚ್ಚಿಸಿದ ಕಂದಾಯ ಕಡೆಗೆ ಇಳಿಯಿತೋ ಇಲ್ಲವೋ, ಕೂಟಕ್ಕೆ ಇಂದಿಗೂ ತಿಳಿಯದು. (ಇಳಿಯಿತು, ಶೇಕಡ 6 ಚಿಲ್ಲರೆಗೆ. ಇದು ಅ-ಪ್ರತಿಯ ಪಾಠ.)

ಅಹಮದಾಬಾದಿನ ಗುಜರಾತ್ ಕ್ಲಬ್ಬಿನಲ್ಲಿ ಇಸ್ಪೀಟು ಆಡುತ್ತ ಕೂತ ಬ್ಯಾರಿಸ್ಟರ್ ಪಟೇಲರು, ಗಾಂಧಿಯನ್ನು ನೋಡಲು ಹೊರಟವರಿಗೆ, ಗೋಧಿಯಲ್ಲಿ ಕಲ್ಲು ಆರಿಸಲು ಬರುತ್ತದೆಯೇ ಎಂದು ಕೇಳುತ್ತಾರೆ ನೋಡಿ, ಅದರಿಂದಲೇ ಸ್ವರಾಜ್ಯವಂತೆ ಎಂದು ಗೇಲಿ ಮಾಡಿದ ಪ್ರಸಂಗವೂ ಇಲ್ಲಿ ಉಲ್ಲೇಖಾರ್ಹ. "ಆರಿಸಿದವರಿಗೆ ಇನ್ನೂ ಬಂದಿಲ್ಲ" ಎಂದರು ಅಕ್ಕ. ಅಲ್ಲಿಗೇ ಬಿಡದೆ, ರಾಷ್ಟ್ರಕ್ಕೆ ಪಿತೃಗಳೇ ಯಾಕಾಗಬೇಕು, ಮಾತೃಗಳು ಇರಲಿಲ್ಲವೆ ಎಂದು ಕೇಳಿದರು. ಬರೋಡದ ದಿವಾನರ ಮಗಳು ಹಂಸಾ ಮೆಹ್ತಾ ಸಂವಿಧಾನ ಸಭೆಯಲ್ಲಿದ್ದರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಲ್ಲಿ ಗಂಡಸರಷ್ಟೇ ಹುಟ್ಟುತ್ತಾರೆಂಬ ಧಾಟಿಯ ವಾಕ್ಯವನ್ನು ಮನುಷ್ಯರೆಲ್ಲರೂ ಎಂದು ತಿದ್ದಿಸಿದರು. 1949ರಲ್ಲಿ ಶುರುವಾದ ಇಲ್ಲಿನ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಕುಲಪತಿಯೂ ಆದರು. ಮುಂದೆ ಅವರ ಕುರಿತು ಓದೋಣ ಎಂಬ ಅಕ್ಕನ ಸೂಚನೆಗೆ ಸರ್ವಾನುಮತದ ಒಪ್ಪಿಗೆ ದೊರೆತು, ಅದನ್ನು ಅನಿರ್ದಿಷ್ಟ ಕಾಲಕ್ಕೆ ಮುಂದೂಡಲಾಯಿತು.

ಕೇವಡಿಯಾಕ್ಕೆ ಕ್ಷೇತ್ರಕಾರ್ಯಕ್ಕೂ ಹೋಗಿಬಂದೆವು. 182 ಮೀಟರ್ ಎತ್ತರದ ಪ್ರತಿಮೆಯಲ್ಲಿ ವೀಕ್ಷಣಾ ಗ್ಯಾಲರಿಯ ತನಕ, ಅಂದರೆ ಸರ್ದಾರರ ಎದೆಯ ತನಕ, ಲಿಫ್ಟು ಕರೆದೊಯ್ಯುತ್ತದೆ. ಐನೂರು ಚಿಲ್ಲರೆ ಪುಟ ಓದಿ ತಲುಪಬೇಕಾದ ಜಾಗಕ್ಕೆ ಟಿಕೇಟು ಕೊಟ್ಟು ತಲುಪಿದ ತೃಪ್ತಿಯಿಂದ ಅನೇಕರು ಓದನ್ನು ಅಲ್ಲಿಯೇ ಸಮಾಪ್ತಿಗೊಳಿಸಿದರು.

ಸೂತ್ರಬಾಧೆ

ಪ್ರಾಮಾಣಿಕ ಶಾಸ್ತ್ರಕಾರನು ತನ್ನ ಸೂತ್ರಕ್ಕೆ ಅಡ್ಡಬರುವ ದೃಷ್ಟಾಂತವನ್ನೂ ದಾಖಲಿಸಬೇಕು. ಜಿಐಡಿಸಿಯ ಕಾರ್ಖಾನೆಗೆ ಹೊಸದಾಗಿ ಸೇರಿದ ರಾಯಚೂರು ಕಡೆಯ ಹುಡುಗನೊಬ್ಬ ಕೂಟಕ್ಕೆ ಬರತೊಡಗಿದ್ದ. ದಪ್ಪ ಪುಸ್ತಕ ಮುಗಿಯುವ ಲಕ್ಷಣ ಕಾಣದೆ ತೆಳ್ಳನೆಯದೊಂದನ್ನು ತಂದ. ಅಂಬೇಡ್ಕರ್ ತಮ್ಮ ಅನುಭವಗಳನ್ನು ಬರೆದಿಟ್ಟ 'ವೇಟಿಂಗ್ ಫಾರ್ ಎ ವೀಸಾ'. ಅವರೂ ರಾಷ್ಟ್ರನಿರ್ಮಾಪಕರೇ, ಪುಟ ಕಡಿಮೆ, ಮೇಲಾಗಿ ನಮ್ಮ ಈ ಬರೋಡದ ಕಥೆ ಎಂದ. ಊರಿನ ಹೆಸರು ಬಂದೊಡನೆ ಎಲ್ಲರೂ ನೆಟ್ಟಗೆ ಕೂತರು.

ಸಯಾಜಿರಾವ್ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಕೊಲಂಬಿಯಾಕ್ಕೆ ಹೋದ ಅಂಬೇಡ್ಕರ್, ಕರಾರಿನಂತೆ ಸಂಸ್ಥಾನದ ಚಾಕರಿಗೆಂದು 1917ರಲ್ಲಿ ಇಲ್ಲಿಗೆ ಬಂದರು. ಕೆಲಸವಿತ್ತು, ಇರಲು ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಇಟ್ಟುಕೊಂಡು ಪಾರ್ಸಿಗಳ ವಸತಿಗೃಹದ ಮಹಡಿಯಲ್ಲಿ, ದಿನಕ್ಕೆ ಒಂದೂವರೆ ರೂಪಾಯಿಗೆ ಉಳಿದರು. ಹನ್ನೊಂದನೆಯ ದಿನ ಬೆಳಗ್ಗೆ ದೊಣ್ಣೆ ಹಿಡಿದ ಗುಂಪು ಬಂದು ಸಂಜೆಯೊಳಗೆ ಖಾಲಿ ಮಾಡು ಎಂದಿತು. ಪರಿಚಯದ ಇಬ್ಬರ ಮನೆಯಲ್ಲೂ ಜಾಗವಾಗಲಿಲ್ಲ. ಕಮಾಟಿ ಬಾಗಿನಲ್ಲಿ ಹೊತ್ತು ಕಳೆದು ರಾತ್ರಿಯ ರೈಲಿಗೆ ಮುಂಬಯಿಗೆ ಹೊರಟರು. ಕಮಾಟಿ ಬಾಗ್ ಎಂದರೆ ನಾವು ಮಕ್ಕಳನ್ನು ಪುಟಾಣಿ ರೈಲು ಹತ್ತಿಸಲು ಕರೆದೊಯ್ಯುತ್ತಿದ್ದ ಸಯಾಜಿ ಬಾಗ್. ಅವರು ಕೂತಿದ್ದ ಜಾಗವನ್ನು ಈಗ ಸಂಕಲ್ಪ ಭೂಮಿ ಎನ್ನುತ್ತಾರೆ.

ಸೂತ್ರದ ಪ್ರಕಾರ ಈ ಪುಟದ ಮೇಲೆ ಮೂರು ಸಭೆಗಳ ಭಾಷ್ಯ ಹುಟ್ಟಬೇಕಿತ್ತು. ಹುಟ್ಟಲಿಲ್ಲ. "ಒಂದೂವರೆ ರೂಪಾಯಿ ಅಂದ್ರೆ ಆ ಕಾಲಕ್ಕೆ ಜಾಸ್ತಿಯೇ" ಎಂದರು ವಾಯುಸೇನೆ ಸಾರ್. ಬಾಡಿಗೆಯ ಮಾತು ಈಗಿನ ಬಾಡಿಗೆಗೆ, ಅಲ್ಲಿಂದ ಡಿಪಾಸಿಟ್ಟಿಗೆ, ಅಲ್ಲಿಂದ ಸೊಸೈಟಿಯ ಪಾರ್ಕಿಂಗಿಗೆ ಹೊರಳಿತು. ಹೋಟೆಲ್ ಅಣ್ಣ ತಾವು ಈ ಊರಿಗೆ ಬಂದ ಹೊಸದರಲ್ಲಿ ಮನೆ ಕೇಳಿದಲ್ಲೆಲ್ಲ 'ನಾನ್‌ವೆಜ್ಜಾ?' ಎಂದು ಕೇಳಿದ್ದನ್ನು, ಕಿಟಕಿ ಮುಚ್ಚಿ ಊದುಬತ್ತಿ ಹಚ್ಚಿ ಬಂಗುಡೆ ಹುರಿದದ್ದನ್ನು ಎಂದಿನ ರಸವತ್ತಾದ ಧಾಟಿಯಲ್ಲಿ ಹೇಳಿದರು. ಎಲ್ಲರೂ ನಕ್ಕರು. ಈಗ ಅವರಿಗೆ ಎರಡು ಫ್ಲಾಟುಗಳಿವೆ. ಬಾಡಿಗೆಗೆ ಬರುವವರನ್ನು ಅವರೂ ಅದನ್ನೇ ಕೇಳುತ್ತಾರೆ: "ನಾನೆಂಥ ಮಾಡುದು, ಸೊಸೈಟಿ ರೂಲು."

ಹೀಗಾಗಿ ಮೂಲಸೂತ್ರಕ್ಕೆ ಒಂದು ಉಪಸೂತ್ರ ಅನಿವಾರ್ಯವಾಯಿತು: ಊರು ಬರುವ ಪುಟ ಗ್ರಂಥ, ಊರಿನೊಳಗೆ ಓದುಗನ ಮನೆಯ ಬಾಗಿಲೇ ಬಂದರೆ ಅದು ಮತ್ತೆ ರಟ್ಟು. ಇದಕ್ಕೆ ಸಂಸ್ಕೃತ ರೂಪ ಕೊಡಲು ಪ್ರಬಂಧಕಾರನಿಗೆ ಮನಸ್ಸಾಗಲಿಲ್ಲ.

ಅನುಬಂಧ: ಇತ್ತೀಚಿನ ನಡವಳಿ

ಹುಡುಗ ಪಿಜಿ ಬಿಟ್ಟು ಒಂದು ರೂಮು ಕಿಚನ್ ಹುಡುಕುತ್ತಿದ್ದಾನೆಂದು ತಿಳಿದು ಕೂಟದವರು ತುಂಬು ಹೃದಯದಿಂದ ನೆರವಾಗಲು ಮುಂದಾದರು. ಕೂತಲ್ಲಿಂದಲೇ ಬ್ರೋಕರಿಗೆ ಫೋನು ಹಚ್ಚಲಾಯಿತು. ಆ ಕಡೆಯಿಂದ ಮೊದಲ ಪ್ರಶ್ನೆ: "ಅಟಕ್ ಶೂಂ ಛೇ?" ಅಡ್ಡಹೆಸರೇನು? ಹುಡುಗನಿಗೆ ಊರಿನದೊಂದು, ಅಪ್ಪನದೊಂದು ಇನಿಶಿಯಲ್ಲು, ಮುಂದೆ ಅವನ ಹೆಸರು, ಅಷ್ಟೇ. ಫೋನಿಗೆ ಕೈ ಅಡ್ಡ ಹಿಡಿದು ಚರ್ಚೆ ನಡೆಯಿತು. ಊರಿನ ಹೆಸರಿನ ಮುಂದೆ 'ಕರ್' ಸೇರಿಸಿದರೆ ಮರಾಠಿಯಂತೆ ಕೇಳಿಸುತ್ತದೆ, ಗಾಯಕವಾಡರ ಊರಿನಲ್ಲಿ ನಡೆಯುತ್ತದೆ ಎಂದು ಷಡ್ಡಕರಲ್ಲಿ ಹಿರಿಯರು. "ಭಟ್ ಅಂತ ಹೇಳಿಬಿಡು ಮಾರಾಯ, ಅಗ್ರಿಮೆಂಟ್ ಆಗುವ ತನಕ ಯಾರು ನೋಡ್ತಾರೆ?" ಎಂದು ಹೋಟೆಲ್ ಅಣ್ಣ, ಕಳಕಳಿಯಿಂದಲೇ. ಈ ಸಲಹೆಗಳಿಗೂ ಟೀಪಾಯಿಯ ಮೇಲೆ ಬೋರಲು ಬಿದ್ದಿದ್ದ ತೆಳ್ಳನೆಯ ಪುಸ್ತಕಕ್ಕೂ ಏನಾದರೂ ಸಂಬಂಧ ಉಂಟೆ ಎಂಬುದು ಪ್ರಸ್ತುತ ಪ್ರಬಂಧದ ವ್ಯಾಪ್ತಿಯನ್ನು ಮೀರಿದ ಪ್ರಶ್ನೆ.

ಹುಡುಗ ಫೋನು ಇಸಿದುಕೊಂಡು ತನ್ನ ಹೆಸರನ್ನೇ, ಇನಿಶಿಯಲ್ಲುಗಳನ್ನು ಬಿಡಿಸಿ, ಹೇಳಿದ. ಬ್ರೋಕರು ಆಮೇಲೆ ಮಾಡುತ್ತೇನೆಂದ. ಮುಂದಿನ ಸಭೆ ಅಕ್ಕನ ಮನೆಯಲ್ಲಿ, ಸಂಜೆ ನಾಲ್ಕಕ್ಕೆ. ಬರುವವರು ಗೇಟಿನ ರಿಜಿಸ್ಟರಿನಲ್ಲಿ ಹೆಸರು, ಗಾಡಿ ನಂಬರು, ಅಟಕ್ ಬರೆದು ಒಳಗೆ ಬರಬೇಕು.